ಕೈಗಳ ಮಾತು ಹೊತ್ತ ಕಾರ್ಡು

ನಿಮ್ಮ ಹೊತ್ತು ತೆಗೆದುಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ಕಂಪ್ಯೂಟರನ್ನು ತಂತಿಯಿಲ್ಲದೆ ಇಂಟರ್ನೆಟ್ಟಿಗೆ ಸೇರಿಸುವ ಒಂದು ನೆಟ್‌ವರ್ಕ್ ಕಾರ್ಡು. ಒಂದು ಹಸಿರು ಹಲಗೆ, ಒಂದು ಗಿಡ್ಡ ಆಂಟೆನಾ, ಒಂದು ಪುಟ್ಟ ದೀಪ. ಇಂಥದ್ದೂ ಆತ್ಮಕಥೆ ಹೇಳಬೇಕೆ ಎಂದು ನೀವು ಕೇಳಿದರೆ ಅದೂ ಸರಿಯೇ. ನಾನು ಕಲಿತದ್ದು ಸಂಜೆ ತರಗತಿಯಲ್ಲಿ, ಅದೂ ಕಂಪ್ಯೂಟರಿನೊಳಗೆ ಕುಳಿತು. ತಪ್ಪು ಹೇಳಿದರೆ ತಿದ್ದಿಕೊಳ್ಳಿ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ನನಗೆ ಹುಟ್ಟಿನಿಂದ ಒಂದು ಕೊರತೆ. ಕಂಪ್ಯೂಟರ್ ಆರಿದರೆ ನನ್ನ ಕೆಲಸವೇ ನನಗೆ ಮರೆತುಹೋಗುತ್ತದೆ. ಪ್ರತಿ ಸಲ ಎದ್ದಾಗಲೂ ಅದನ್ನು ಹೊಸದಾಗಿ ಹೇಳಿಕೊಡುವ ಒಂದು ಕಡತ ಬೇಕು. ಆ ಕಡತವಿದ್ದ ಸಿ.ಡಿ.ಯನ್ನು ನನ್ನ ಡಬ್ಬಿಯಲ್ಲೇ ಇಟ್ಟಿದ್ದರು. ಆದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವಂಥದ್ದಕ್ಕೆ ಮಾತ್ರ ಅದು ಹೊಂದುತ್ತಿತ್ತು.

ಹುಬ್ಬಳ್ಳಿಯ ಲೆಕ್ಕಪತ್ರದ ಕಚೇರಿಯೊಂದು ನನ್ನನ್ನು ಕೆಲವು ವರ್ಷ ದುಡಿಸಿ ಮಾರಿತು. ಸಿ.ಡಿ. ಅಲ್ಲೇ ಉಳಿಯಿತು. ನಾನು ಗದಗಿಗೆ ಬಂದೆ, ದಾಕ್ಷಾಯಿಣಿ ಅಕ್ಕೋರ ಸಂಜೆ ಕಂಪ್ಯೂಟರ್ ತರಗತಿಗೆ. ಪಾಠ ಹೇಳುವ ಹೆಂಗಸನ್ನು ಆ ಕಡೆ ಅಕ್ಕೋರು ಎನ್ನುತ್ತಾರೆ.

ಅಲ್ಲಿ ಲಿನಕ್ಸ್ ಇತ್ತು, ಯಾರು ಬೇಕಾದರೂ ತೆರೆದು ನೋಡಿ ಹಂಚಿಕೊಳ್ಳಬಹುದಾದ ವ್ಯವಸ್ಥೆ. ಅದಕ್ಕೆ ನಾನು ಯಾರೋ ಗೊತ್ತಿರಲಿಲ್ಲ. ಆದರೆ ಯಾವುದೋ ದೇಶದ ಒಬ್ಬರು, ಯಾರೂ ಕೇಳದಿದ್ದರೂ, ನನ್ನಂಥ ಕಾರ್ಡುಗಳನ್ನು ತಡವಿ ತಡವಿ ನೋಡಿ ಡ್ರೈವರ್ ಬರೆದಿದ್ದರು. ಡ್ರೈವರ್ ಅಂದರೆ ವ್ಯವಸ್ಥೆ ನನ್ನನ್ನು ಮಾತಾಡಿಸುವ ರೀತಿ. ಕೆಲಸ ಹೇಳಿಕೊಡುವ ಕಡತ ಮಾತ್ರ ಕಂಪನಿಯ ಸ್ವತ್ತು. ಲಿನಕ್ಸ್ ಜೊತೆ ಹಂಚಲು ಅನುಮತಿಯಿರಲಿಲ್ಲ. ಅಕ್ಕೋರು ಅದನ್ನು ಬೇರೆಯಾಗಿ ಹುಡುಕಿ ಹಾಕಿದರು. ನನ್ನ ದೀಪ ಹೊತ್ತಿತು.

ಆ ತರಗತಿಗೆ ಗುರುಸಿದ್ದ ಬರುತ್ತಿದ್ದ. ಅವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಇರಲಿಲ್ಲ. ಅವನಿಗಾಗಿ ಅಕ್ಕೋರು ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅವನು ಮನೆಯಲ್ಲಿ ಲಗ್ನಪತ್ರಿಕೆ ಜೋಡಿಸುವ ಕೆಲಸ ಶುರುಮಾಡಿದಾಗ, ನನ್ನನ್ನು ಹೊತ್ತಿದ್ದ ಕಂಪ್ಯೂಟರನ್ನು ಅವನಿಗೇ ಕೊಟ್ಟರು. ಎದುರು ಮನೆಯ ಕುಲಕರ್ಣಿಯವರು ತಮ್ಮ ಇಂಟರ್ನೆಟ್ ಬಳಸಲು ಒಪ್ಪಿದರು. ರಸ್ತೆ ದಾಟಿ ಬರುವ ಅವರ ಸಂಕೇತವನ್ನು ಹಿಡಿಯುವುದು ನನ್ನ ಕೆಲಸ.

ಗುರುಸಿದ್ದನ ಹೆಂಡತಿ ಶಕುಂತಲಾಗೂ ಕಿವಿ ಕೇಳುತ್ತಿರಲಿಲ್ಲ. ಅವಳಿಗೆ ಓದು ಬರಹವೂ ಬಾರದು. ಗಂಡ ಹೆಂಡತಿ ಕೈಯಲ್ಲೇ ಮಾತಾಡುತ್ತಿದ್ದರು, ಕೈಯಲ್ಲೇ ಜಗಳಾಡುತ್ತಿದ್ದರು.

"ಓಣ್ಯಾಗೆಲ್ಲ ನನ್ನ ಸೊಸಿ ಭಾಳ ಶಾಂತ ಅಂತಾರ," ಎಂದು ಗುರುಸಿದ್ದನ ತಾಯಿ ಶಿವವ್ವ ನಗುತ್ತಿದ್ದಳು. "ಆಕಿ ಕೈ ನೋಡ್ಬೇಕು ಅವ್ರು. ಒಂದ್ಸಲ ಶುರು ಆತಂದ್ರ ನನ್ನ ಮಗ ಕಣ್ಣು ಮುಚ್ಚಿ ಕುಂದ್ರತಾನ. ಮತ್ತ ಬೈಗುಳ ಕೇಳೂದ ಇಲ್ಲ ನೋಡ್ರಿ."

ಶಕುಂತಲಾಳ ಹೃದಯದಲ್ಲಿ ತೊಂದರೆ ಕಂಡಿತು. ಅವಳ ಅಣ್ಣ ಮಲಕಾರಿ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದ. ಲಗ್ನದ ಕಾಲ, ಪತ್ರಿಕೆ ಕೆಲಸ ಬಿಟ್ಟರೆ ಔಷಧಕ್ಕೆ ದಾರಿಯಿಲ್ಲ, ಹಾಗಾಗಿ ಗುರುಸಿದ್ದ ಗದಗಿನಲ್ಲೇ ಉಳಿದ. ದಿನಾ ಸಂಜೆ ಮಲಕಾರಿ ಲ್ಯಾಪ್‌ಟಾಪನ್ನು ಅವಳ ಮುಂದೆ ಹಿಡಿಯುತ್ತಿದ್ದ. ಅವಳ ಕೈಗಳು ನನ್ನ ಮೂಲಕ ಮನೆಗೆ ಬರುತ್ತಿದ್ದವು. ಆಸ್ಪತ್ರೆಯಲ್ಲಿ ಅವಳ ಕೈ ಓದಬಲ್ಲವರು ಯಾರೂ ಇರಲಿಲ್ಲ. ಅಣ್ಣನಿಗೆ ಊಟ, ನೀರು, ನೋವು, ಇಷ್ಟೇ ತಿಳಿಯುತ್ತಿತ್ತು. ಉಳಿದದ್ದೆಲ್ಲ ಗಂಡನಿಗೆ.

ಆದರೆ ಚಿತ್ರ ತಡವರಿಸುತ್ತಿತ್ತು. ಬೆರಳುಗಳು ಮಸುಕಾಗುತ್ತಿದ್ದವು. ಮತ್ತೆ ಹೇಳು ಎಂದು ಗುರುಸಿದ್ದ ಸನ್ನೆ ಮಾಡಿದಾಗಲೆಲ್ಲ ಅವಳಿಗೆ ಆಯಾಸವಾಗುತ್ತಿತ್ತು.

ಲಿನಕ್ಸಿನ ಹೊಸ ಆವೃತ್ತಿ ಬಂದಾಗ, ಸಂಕ್ರಾಂತಿಗೆ ಎಳ್ಳು ಬೀರಿದ ಹಾಗೆ, ಅಕ್ಕೋರು ತಮ್ಮ ಶಿಷ್ಯರಿಗೆಲ್ಲ ಸಿ.ಡಿ. ಹಂಚುತ್ತಿದ್ದರು. ಹಳೆಯದನ್ನು ಪೂರ್ತಿ ಅಳಿಸಿ ಹೊಸದನ್ನು ಹಾಕುವುದು ಅವರ ತರಗತಿಯ ಪದ್ಧತಿ. ಈ ಸಲದ್ದರಲ್ಲಿ ವಿಡಿಯೋ ಸ್ಪಷ್ಟವಾಗಿ ಕಾಣುತ್ತದೆ ಎಂದು ಬೋರ್ಡಿನ ಮೇಲೆ ಬರೆದಿದ್ದರು.

ಗುರುಸಿದ್ದ ಆ ಸಿ.ಡಿ. ತಂದ ದಿನದ ಮರುದಿನ ಬೆಳಿಗ್ಗೆ ಶಕುಂತಲಾಗೆ ಶಸ್ತ್ರಚಿಕಿತ್ಸೆ. ಹಿಂದಿನ ಸಂಜೆಯಾದರೂ ಅವಳ ಬೆರಳು ಚೆನ್ನಾಗಿ ಕಾಣಲಿ ಎಂದು ಅವನು ತಂದ ದಿನವೇ ಮಧ್ಯಾಹ್ನ ಕುಳಿತು ಹಳೆಯದನ್ನು ಅಳಿಸಿದ. ಅದರ ಜೊತೆ ನನ್ನ ಕಡತವೂ ಹೋಯಿತು. ಹೊಸ ಸಿ.ಡಿ.ಯಲ್ಲಿ ಅದು ಇರಲಿಲ್ಲ.

ನಾನು ಏಳಲಿಲ್ಲ. ಕಡತ ಇಂಟರ್ನೆಟ್ಟಿನಲ್ಲಿತ್ತು, ಇಂಟರ್ನೆಟ್ಟಿಗೆ ದಾರಿ ನಾನೇ. ಎದುರು ಮನೆಯಲ್ಲಿ ಇಳಿಸಿಕೊಳ್ಳೋಣವೆಂದರೆ ಕುಲಕರ್ಣಿಯವರು ಇಂಟರ್ನೆಟ್ ಪೆಟ್ಟಿಗೆಯನ್ನು ಆರಿಸದೆ ಊರಿಗೆ ಹೋಗಿದ್ದರು, ಮನೆಗೆ ಬೀಗ. ಗುರುಸಿದ್ದ ಮಲಕಾರಿಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದ, ಯಂತ್ರ ಕೆಟ್ಟಿದೆ, ಕಾಯಿರಿ ಎಂದು. ಆಮೇಲೆ ಸೈಕಲ್ ಹತ್ತಿ ಅಕ್ಕೋರ ಕಡೆ ಓಡಿದ. ಅಲ್ಲಿ ಕರೆಂಟು ಹೋಗಿತ್ತು. ಕರೆಂಟು ಬಂದ ಮೇಲೆ ಅವರು ಕಡತ ಇಳಿಸಿಕೊಂಡು, ಪೆನ್‌ಡ್ರೈವ್ ಹಿಡಿದು ಅವನ ಹಿಂದೆಯೇ ಮನೆಗೆ ಬಂದರು.

"ಅಕ್ಕೋರ, ಲಗೂ ಮಾಡ್ರಿ," ಎಂದಳು ಶಿವವ್ವ. "ಆಕಿ ಅಲ್ಲಿ ಪರದೆ ನೋಡ್ಕೋತ ಕುಂತಿರ್ತಾಳ."

"ಆತ್ರಿ ಶಿವವ್ವಾರ, ಆತು. ದೀಪ ಹತ್ತಿತು ನೋಡ್ರಿ."

ಹೌದು, ನಾನು ಎದ್ದೆ. ರಸ್ತೆ ದಾಟಿ ಬರುವ ಸಂಕೇತವನ್ನು ಹಿಡಿದೆ. ಸೊಲ್ಲಾಪುರವನ್ನು ಕರೆದೆ. ಉತ್ತರ ಬರಲಿಲ್ಲ. ಭೇಟಿಯ ಹೊತ್ತು ಮುಗಿದು, ಮಲಕಾರಿಯನ್ನು ವಾರ್ಡಿನಿಂದ ಹೊರಗೆ ಕಳಿಸಿದ್ದರು.

ಗುರುಸಿದ್ದ ಸಿಕ್ಕ ರೈಲು ಹಿಡಿದು ಹೋದ. ಅವನು ತಲುಪುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಿದ್ದರು. ಅವಳು ಜೀವಂತವಾಗಿ ಹೊರಗೆ ಬರಲಿಲ್ಲ.

ಅವಳನ್ನು ಮಣ್ಣು ಮಾಡಿ ಮನೆಗೆ ಬಂದ ಮೇಲೆ ಮಲಕಾರಿ ನನ್ನ ಎದುರೇ ಹೇಳಿದ, "ಪರದೆ ಖಾಲಿ ಇತ್ರಿ ಅಕ್ಕೋರ. ಆದ್ರೂ ಆಕಿ ಕೈ ಆಡಿಸ್ಕೋತನ ಇದ್ಲು. ಭಾಳ ಹೊತ್ತು. ನನಗೇನೂ ತಿಳೀಲಿಲ್ಲ."

ಅಕ್ಕೋರು ಗುರುಸಿದ್ದನ ಮುಂದೆ ಕುಳಿತು ಒಂದು ಕಾಗದದ ಮೇಲೆ ಬರೆದರು. ನಿನ್ನ ಕಾರ್ಡಿಗೆ ಬೇರೆ ಕಡತ ಬೇಕೆಂದು ನಾನು ಮೊದಲೇ ಹೇಳಬೇಕಾಗಿತ್ತು ಎಂದು. ಅವನು ಓದಿದ. ಅವರ ಕೈಯಿಂದ ಪೆನ್ನು ತೆಗೆದುಕೊಂಡ. ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟ.

ಆಮೇಲೆ ಅವನು ಯಾರಿಗೂ ವಿಡಿಯೋ ಕರೆ ಮಾಡಲಿಲ್ಲ. ಲಗ್ನಪತ್ರಿಕೆಗಳನ್ನು ಮಾತ್ರ ಅಚ್ಚಿಗೆ ಕಳಿಸುತ್ತಿದ್ದ. ಯಾರ್ಯಾರದೋ ಮದುವೆಗಳು ನನ್ನನ್ನು ದಾಟಿ ಹೋದವು. ಕಂಪ್ಯೂಟರ್ ಹಳೆಯದಾದಾಗ ನನ್ನನ್ನು ಬಿಚ್ಚಿ ಅಕ್ಕೋರಿಗೆ ಕೊಟ್ಟ. ಕೊಡುವ ಮೊದಲು ನನ್ನ ದೀಪದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

ಈಗ ನಾನು ತರಗತಿಯ ಕಪಾಟಿನಲ್ಲಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿದ್ದೇನೆ. ಈಚೆಗೆ ಅಕ್ಕೋರು ನನ್ನನ್ನು ಒಮ್ಮೆ ಪರೀಕ್ಷಿಸಿದರು. ಕಂಪನಿ ಕೊನೆಗೂ ಅನುಮತಿ ಕೊಟ್ಟಿದೆಯಂತೆ. ಕಡತ ಈಗ ಸಿ.ಡಿ.ಯಲ್ಲೇ ಬರುತ್ತದೆ. ಸಿಕ್ಕಿಸಿದ ಕೂಡಲೇ, ಯಾರೂ ಏನೂ ಮಾಡದೆ, ನನ್ನ ದೀಪ ಹೊತ್ತಿತು. ಅಕ್ಕೋರು ಅದನ್ನು ನೋಡಿ ಕಂಪ್ಯೂಟರ್ ಆರಿಸಿದರು.

ಅಷ್ಟು ದಿನ ಅವಳ ಕೈಗಳನ್ನು ಹೊತ್ತು ತಂದವನು ನಾನು. ಒಂದು ಸನ್ನೆಯ ಅರ್ಥವನ್ನೂ ಕಲಿಯಲಿಲ್ಲ. ಆ ಸಂಜೆ ಖಾಲಿ ಪರದೆಗೆ ಅವಳು ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.