ಕೊಳವೆಯೊಳಗಿನ ಮೂರು ಸಾಲು

ದರ್ಜಿಯ ಬಲಗೈ ಬೆರಳುಗಳು ಜೋಮು ಹಿಡಿಯತೊಡಗಿದ್ದವು. ಹಿಡಿದ ಸೂಜಿ ಜಾರಿ ಬಿದ್ದರೂ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ತಲೆ, ಕುತ್ತಿಗೆ ಎರಡರದೂ ಎಂಆರ್‌ಐ ಸ್ಕ್ಯಾನ್ ಆಗಬೇಕು ಎಂದರು ಡಾಕ್ಟರು. ಕೈ ಹೋದರೆ ಹೊಟ್ಟೆಪಾಡೇ ಹೋಯಿತು ಎಂಬ ಹೆದರಿಕೆ ಒಂದು ಕಡೆ. ಆ ಯಂತ್ರದ ಕೊಳವೆಯ ಹೆದರಿಕೆ ಅದಕ್ಕಿಂತ ದೊಡ್ಡದು. ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಹಾಸಿಗೆ ಪೆಟ್ಟಿಗೆಯಲ್ಲಿ ಅಡಗಿದ್ದಾಗ ಚಿಲಕ ಬಿದ್ದು, ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಇಂದಿಗೂ ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುವುದಿಲ್ಲ.

ಆಸ್ಪತ್ರೆಗೆ ಜೊತೆಯಲ್ಲಿ ಬಂದವಳು ಅಕ್ಕ. ವಾಚನಾಲಯದಲ್ಲಿ ಹೊಸಬರಿಗೆಂದು ನಡೆಸುವ ಹಾಯ್ಕು ತರಗತಿಗೆ ಅವಳು ಆಗಷ್ಟೇ ಸೇರಿದ್ದಳು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವ ಹಾಗೆ, ಸಿಕ್ಕಿದವರಿಗೆಲ್ಲ ಪಾಠ ಹೇಳುತ್ತಿದ್ದಳು.

"ಒಳಗೆ ಮಲಗಿದಾಗ ಒಂದು ಹಾಯ್ಕು ಕಟ್ಟು," ಎಂದಳು.

"ಜೀವ ಬಾಯಿಗೆ ಬಂದಿದೆ, ನಿನಗೆ ಪದ್ಯದ ಚಿಂತೆ!"

"ಬರೀ ಮೂರು ಸಾಲು ಕಣೋ. ಐದಕ್ಷರ, ಏಳಕ್ಷರ, ಮತ್ತೆ ಐದು. ಒತ್ತಕ್ಷರ ಬಂದ್ರೂ ಒಂದೇ ಅಂತ ಎಣಿಸು. ಕಂಡದ್ದು, ಕೇಳಿದ್ದು ಅಷ್ಟೇ ಹೇಳ್ಬೇಕು. 'ಭಯ' ಅನ್ನೋ ಮಾತು ಬರಬಾರದು."

"ನಿನ್ನದು ಎಷ್ಟಾಯ್ತು?"

"ಒಂದು. 'ಒದ್ದೆ ಛತ್ರಿಯು' ಅಂತ ಶುರು. ಆ 'ಯು' ಲೆಕ್ಕ ತುಂಬೋಕೆ ತುರುಕಿದ್ದು ಅಂತ ಮೇಷ್ಟ್ರು ಹೊಡೆದುಹಾಕಿದ್ರು."

ದರ್ಜಿಗೆ ನಗು ಬರಲಿಲ್ಲ. ಯಂತ್ರ ನಡೆಸುವಾಕೆ ಅವನನ್ನು ಮಲಗಿಸಿ, ಕಿವಿ ಮುಚ್ಚಿ, ಮುಖದ ಮೇಲೆ ಪಂಜರದಂಥ ಮುಚ್ಚಳ ಹಾಕಿದಳು. ತೊಂದರೆಯಾದರೆ ಒತ್ತಿ ಎಂದು ಕೈಗೊಂದು ರಬ್ಬರ್ ಬುಗ್ಗೆ ಕೊಟ್ಟಳು. ಹಲಗೆ ಮೆಲ್ಲನೆ ಒಳಗೆ ಸರಿಯಿತು. ಬಿಳಿ ಗೋಡೆ ಮೂಗಿನ ಮೇಲೇ ಬಂದು ಕೂತಿತು. ಯಂತ್ರ ಧಡಧಡ ಬಡಿಯಲು ಶುರುಮಾಡಿದ್ದೇ ತಡ, ಅವನ ಎದೆ ಅದಕ್ಕಿಂತ ಜೋರಾಗಿ ಬಡಿಯಿತು. ಗಾಳಿ ಮುಗಿದೇಹೋಯಿತು ಅನ್ನಿಸಿತು. ಬುಗ್ಗೆಯನ್ನು ಹಿಂಡಿ ಹಿಂಡಿ ಕೂಗತೊಡಗಿದ.

ಹಲಗೆ ಹೊರಗೆ ಬಂದಾಗಲೂ ಅವನು ಕಣ್ಣು ಮುಚ್ಚಿಕೊಂಡು ಕೂಗುತ್ತಲೇ ಇದ್ದ: "ಅಯ್ಯೋ, ಅಕ್ಕಾ, ಬಾ!"

ಮೈಯೆಲ್ಲ ಬೆವರು. ಯಂತ್ರ ನಡೆಸುವಾಕೆ ನೀರು ಕೊಟ್ಟು, "ಒಂದು ಚಿತ್ರಾನೂ ಬಂದಿಲ್ಲ. ಇನ್ನೊಂದ್ಸಲ ಹೋಗ್ಲೇಬೇಕು," ಎಂದಳು.

"ಆಗಲ್ಲ. ಕೈ ಹೋದ್ರೆ ಹೋಗ್ಲಿ."

ಕೂಗು ಕೇಳಿ ಓಡಿಬಂದ ಅಕ್ಕನ ಮುಖವೂ ಬಿಳಿಚಿಕೊಂಡಿತ್ತು. ಆದರೂ ಬೆರಳು ಮಡಿಸಿ ಎಣಿಸಿದಳು. "ಅ, ಯ್ಯೋ, ಅ, ಕ್ಕಾ, ಬಾ. ಸರಿಯಾಗಿ ಐದು! ನನಗೆ ವಾರವೆಲ್ಲ ತಿಣುಕಿದ್ರೂ ಬರದ ಸಾಲು ನಿನಗೆ ಕಿರುಚಿದ್ರೆ ಬರುತ್ತಲ್ಲೋ!"

ಅವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಯಂತ್ರ ನಡೆಸುವಾಕೆಯನ್ನು ಕೇಳಿಕೊಂಡು, ಮೈಮೇಲಿನ ಲೋಹವನ್ನೆಲ್ಲ ತೆಗೆದಿಟ್ಟು, ಅಕ್ಕ ಒಳಗೇ ನಿಂತಳು. ಅವನ ಪಾದ ಹಿಡಿದುಕೊಂಡಳು. ಹಲಗೆ ಮತ್ತೆ ಸರಿಯಿತು.

ಭಯ ಈ ಸಲವೂ ಬಂತು, ಒಂದಿಷ್ಟೂ ಕಮ್ಮಿಯಾಗಲಿಲ್ಲ. ಬುಗ್ಗೆ ಅಂಗೈಯಲ್ಲಿ ಒದ್ದೆಯಾಯಿತು. ಏನಿದೆ ಇಲ್ಲಿ? ಬಿಳಿ. ಬಿಳಿ ಏನು? ಅವನು ಮನಸ್ಸಿನಲ್ಲೇ ಎಣಿಸಿದ. ಒಂದಕ್ಷರ ಹೆಚ್ಚಾಯಿತು, ಕಿತ್ತುಹಾಕಿದ. ಇನ್ನೊಂದು ಸಾಲಿಗೆ ಕಮ್ಮಿ ಬಿತ್ತು. ಬಡಿತ ನಿಂತು ಮತ್ತೆ ಶುರುವಾದಾಗಲೆಲ್ಲ ಪದಗಳು ಚೆಲ್ಲಾಪಿಲ್ಲಿಯಾಗಿ ಹೋದವು. ಪಾದದ ಮೇಲಿನ ಕೈ ಒತ್ತಿದಾಗ ಮತ್ತೆ ಹುಡುಕಿಕೊಂಡ. ಬುಗ್ಗೆ ಹಿಂಡಿಬಿಡೋಣ ಎನ್ನುವಷ್ಟರಲ್ಲಿ ಯಂತ್ರ ಸುಮ್ಮನಾಯಿತು.

ಹೊರಗಿನ ಬೆಂಚಿನ ಮೇಲೆ ಅವನ ಅಂಗಿಯ ಗುಂಡಿಯನ್ನು ಅಕ್ಕನೇ ಹಾಕಿದಳು.

"ಆಯ್ತಾ?" ಎಂದು ಕೇಳಿದಳು. ಅವನು ಹೇಳಿದ:

ಬಿಳಿ ಕೊಳವೆ
ಮೂಗಿಗೇ ಮರಳುವ
ನನ್ನ ಉಸಿರು

ಅಕ್ಕ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಳಾದೋನೇ, ನನ್ನದಕ್ಕಿಂತ ಚೆನ್ನಾಗಿದೆ," ಎಂದಳು.

ಕುತ್ತಿಗೆಯಲ್ಲಿ ನರವೊಂದು ಒತ್ತಿಕೊಂಡಿತ್ತು, ಅಷ್ಟೇ. ವ್ಯಾಯಾಮ, ಮಾತ್ರೆಗಳಿಂದ ಬೆರಳಿಗೆ ನಿಧಾನವಾಗಿ ಜೀವ ಬಂತು. ಈಗ ಅವನೂ ಅಕ್ಕನ ತರಗತಿಗೆ ಹೋಗುತ್ತಾನೆ. ಅದು ನಾಲ್ಕನೇ ಮಹಡಿಯಲ್ಲಿದೆ. ಅಕ್ಕ ಲಿಫ್ಟಿನಲ್ಲಿ ಹೋಗಿ ಅವನಿಗೊಂದು ಕುರ್ಚಿ ಹಿಡಿದಿಟ್ಟಿರುತ್ತಾಳೆ. ಅವನು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ತಡವಾಗಿ ಬರುತ್ತಾನೆ.