ಖಾಲಿ ಜಾಗದ ಫೋಟೋ

“ಏ ಬೋಸಡಿ, ಇದು ನಿಂದಽ ಮಾರಿ ಅಲ್ಲೇನ? ಇಳಕಲ್ ಸೀರಿ, ಸುಣ್ಣಾ ಬಳದ ಗ್ವಾಡಿ! ಇಂಥಾ ಸಾವಕಾರ್ತಿಗೆ ಸರಕಾರ ಪುಕ್ಕಟ ಜಾಗಾ ಕೊಡಬೇಕೇನ?”

ತಾಲೂಕು ಕಚೇರಿಯ ಸಾಹೇಬ ಫೋಟೋವನ್ನು ಮರೆವ್ವನ ಮೂಗಿನ ಮುಂದೆ ಝಾಡಿಸಿದ.

ಇಂಗಳೇಶ್ವರದ ಬಸ್ಸು ನಿಲ್ಲುವ ದಾರಿಯ ಬದಿಯ ಹನ್ನೊಂದು ಗುಡಿಸಲು ಕಿತ್ತು ಅಂಗಡಿಸಾಲು ಕಟ್ಟಬೇಕೆಂದು ಹುಕುಂ ಬಂದಿತ್ತು. ಬಡವರಿಗೆ ಊರಾಚೆ ಜಾಗ. ಬಡವರೆಂಬುದಕ್ಕೆ ಪುರಾವೆ, ಮನೆ ಮುಂದೆ ನಿಂತ ಫೋಟೋ. ಮರೆವ್ವ ಹುಟ್ಟಿದಾಗಿನಿಂದ ಕ್ಯಾಮೆರಾದ ಮುಂದೆ ನಿಂತವಳಲ್ಲ. ಸರಕಾರ ನೋಡುವ ಮೋರೆ ಹೊಲಸಾಗಿರಬಾರದೆಂದು ಗೋಡೆಗೆ ಸುಣ್ಣ ಬಳಿದಿದ್ದಳು, ನೆರೆಯ ರೇವವ್ವನ ಮದುವೆ ಸೀರೆ ಕಡ ತಂದು ಉಟ್ಟಿದ್ದಳು.

“ಯಪ್ಪಾ, ಅದು ರೇವವ್ವನ ಸೀರಿರಿ. ಆಕೀನ್ನಽ ಕೇಳ್ರಿ.”

“ಮಂದಿ ಸೀರಿ ಉಟ್ಟು ಸರಕಾರಕ್ಕ ಟೊಪಿಗಿ ಹಾಕ್ತೀ? ಎಮರ್ಜನ್ಸಿ ಐತಿ, ಒಳಗ ಹಾಕಸ್ತೇನಿ ನೋಡ. ಸರಿ ಅತ್ತಾಗ!”

ಜಾಗ ಸಿಗುವವರ ಯಾದಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಬಿತ್ತು. ಗೋಡೆಗೆ ಹಾರೆ ಬಿತ್ತು. ಮೂರು ಮಕ್ಕಳನ್ನು ಹೆತ್ತ ಮನೆ ಎರಡು ತಾಸಿನಲ್ಲಿ ಮಣ್ಣಿನ ಗುಪ್ಪೆಯಾಯಿತು.

ಇನ್ನೊಂದು ಫೋಟೋ ಬಾಕಿಯಿತ್ತು. ಜಾಗ ಖಾಲಿಯಾಯಿತೆಂದು ಮೇಲಿನವರಿಗೆ ತೋರಿಸಬೇಕು. ಮೊದಲಿನ ಫೋಟೋ ತೆಗೆದಿದ್ದ ಮೀರಾಸಾಬನೇ ಮತ್ತೆ ಮೂರು ಕಾಲಿನ ಕ್ಯಾಮೆರಾ ಹೂಡಿದ.

“ಒಂದು ನರಪಿಳ್ಳಿ ಸೈತ ಕಾಣಬಾರದು” ಎಂದ ಸಾಹೇಬ.

ಉಳಿದವರೆಲ್ಲ ಗಂಟುಮೂಟೆ ಹೊತ್ತು ದಾರಿಗೆ ಸರಿದರು. ಮರೆವ್ವ ಗುಪ್ಪೆಯ ನಡುವೆ ಕುಕ್ಕರುಗಾಲಲ್ಲಿ ಕೂತು ಮೂರು ಕಲ್ಲು ಹೂಡಿದಳು. ಮಾಡಿಗೆ ಹೊದಿಸಿದ್ದ ಜೋಳದ ಕಣಕಿ ಮುರಿದು ತುರುಕಿ ಕಡ್ಡಿ ಗೀರಿದಳು. ಗಡಿಗೆ ಇಟ್ಟಳು.

“ಮೀರ್ಯಾ, ಆ ರಂಡೀನ್ನ ಎಬ್ಬಸೋ!”

“ಏಳಬೇ ಯಕ್ಕಾ... ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ.”

“ನಿನಗಷ್ಟಽ ಹೊಟ್ಟಿ ಐತೇನೋ? ಅವತ್ತ, ಛಂದಾಗಿ ನಿಂದರಬೇ, ಒಂಚೂರು ನಗಬೇ ಅಂದಾಂವ ನೀನಽ. ಈಗ ತಗಿ ಫೋಟೋ. ಖಾಲಿ ಜಾಗಾದಾಗ ಈ ಒಲಿ ಯಾರದಂತ ಮ್ಯಾಲಿನವರು ಕೇಳಲಿ.”

ಸಾಹೇಬ ದಾಪುಗಾಲು ಹಾಕಿ ಬಂದು ಒಲೆಯನ್ನು ಒದ್ದ. ಗಡಿಗೆ ಒಡೆಯಿತು. ಉರಿಯುವ ಕಣಕಿ ಅವಳ ಪಾದದ ಮೇಲೆ ಚೆದುರಿತು. ಮರೆವ್ವ ಉರುಳಿದ ಕಲ್ಲನ್ನು ಬರಿಗೈಯಲ್ಲಿ ಹಿಡಿದು ಅದರ ಜಾಗಕ್ಕೇ ಇಟ್ಟಳು.

ಸಾಹೇಬ ಮತ್ತೆ ಬೂಟುಗಾಲು ಎತ್ತಿದ.

ಖಟ್ ಎಂದಿತು ಕ್ಯಾಮೆರಾ.

“ಏನ ತಗದ್ಯೋ ಸೂಳೇಮಗನ? ಕೊಡ ಇಲ್ಲೆ!”

ಮೀರಾಸಾಬ ಕ್ಯಾಮೆರಾದ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತ. ದಾರಿಯ ಕಡೆಯಿಂದ ಇಬ್ಬರು ಪೊಲೀಸರು ಲಾಠಿ ಹಿಡಿದು ಗುಪ್ಪೆ ಹತ್ತತೊಡಗಿದರು. ಮರೆವ್ವ ತಲೆಯೆತ್ತಲಿಲ್ಲ. ಬಾಗಿ, ಕೆನ್ನೆಯುಬ್ಬಿಸಿ, ಒಲೆ ಊದುತ್ತಿದ್ದಳು.