ಗಾಜಿನ ಕಡ್ಡಿಯ ತುದಿ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಸೂಜಿಕಣ್ಣಮ್ಮ. ಕಫದಲ್ಲಿ ಕ್ಷಯದ ರೋಗಾಣು ಒಂದೇ ಒಂದಿದ್ದರೂ ಸರಿ, ಆಕೆಯ ಕಣ್ಣಿಗೆ ಮಣ್ಣೆರಚಲು ಅದರಿಂದಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆಕೆ ಕೊಟ್ಟ ಒಂದು ವರದಿಯೂ ತಪ್ಪೆಂದು ವಾಪಸು ಬಂದದ್ದಿಲ್ಲ. ಇದನ್ನು ಆಕೆ ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದಳು.

ಬಣ್ಣ ಹಾಕುವುದರಲ್ಲಿ ಆಕೆಯದು ಪಳಗಿದ ಕೈ. ಗಾಜಿನ ಸ್ಲೈಡಿನ ಮೇಲೆ ಕಫ ಸವರಿ, ಒಣಗಿಸಿ, ಕೆಂಪು ಬಣ್ಣ ಸುರಿದು, ಹಬೆಯೇಳುವವರೆಗೆ ಕೆಳಗಿನಿಂದ ಬೆಂಕಿ ತೋರಿಸಬೇಕು, ಕುದಿಯಬಾರದು. ಆಮೇಲೆ ಆಮ್ಲದಿಂದ ತೊಳೆದರೆ ಉಳಿದದ್ದೆಲ್ಲ ಬಣ್ಣ ಬಿಡುತ್ತದೆ. ಕ್ಷಯದ ರೋಗಾಣು ಮಾತ್ರ ಹಟಮಾರಿ, ಹಿಡಿದ ಕೆಂಪನ್ನು ಬಿಡುವುದಿಲ್ಲ. ಕೊನೆಗೆ ನೀಲಿ ಹಾಕಿದರೆ ಆಯಿತು, ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು ಎದ್ದು ಕಾಣುತ್ತವೆ.

ಅವನ್ನು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ನೋಡಲು ಸ್ಲೈಡಿನ ಮೇಲೆ ಒಂದು ತೊಟ್ಟು ಎಣ್ಣೆ ಬೇಕು. ಈ ಎಣ್ಣೆಯ ವಿಷಯದಲ್ಲಿ ಆಕೆ ಮಹಾ ಜಿಪುಣಿ. ಮೇಲಿನಿಂದ ಬೀಳಿಸಿದರೆ ಹರಡಿ ಪೋಲಾಗುತ್ತದೆಂದು, ಗಾಜಿನ ಕಡ್ಡಿಯ ತುದಿಯನ್ನು ಸ್ಲೈಡಿಗೆ ತಾಕಿಸಿ ಮತ್ತೆ ಶೀಶೆಗೇ ಅದ್ದುತ್ತಿದ್ದಳು. ಕಲಿಸಿದ ಗುರುಗಳು ಬೇಡವೆಂದಿದ್ದರು. ಗುರುಗಳು ನಿವೃತ್ತರಾದರು, ಅಭ್ಯಾಸ ಉಳಿಯಿತು. "ನನ್ನ ಶೀಶೆ ಮೂರು ತಿಂಗಳು ಬರುತ್ತಪ್ಪ, ನಿಮ್ಮದು?" ಎಂದು ಪಕ್ಕದ ಮೇಜಿನವರನ್ನು ಚುಚ್ಚುವುದೂ ಇತ್ತು.

ಆ ವಾರ ಎರಡು ತಿಂಗಳ ಬಾಣಂತಿಯೊಬ್ಬಳ ಕಫ ಬಂದಿತ್ತು. ಸೂಜಿಕಣ್ಣಮ್ಮ ಮೂರು ಕೆಂಪು ಕಡ್ಡಿ ಹುಡುಕಿ ಬರೆದುಕೊಟ್ಟಳು. ಮಗುವಿನ ಹತ್ತಿರ ಸ್ವಲ್ಪ ಎಚ್ಚರ ಎಂದರು ಡಾಕ್ಟರು. ಅಷ್ಟಕ್ಕೇ ಅತ್ತೆ ಮಗುವನ್ನೆತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಐದನೆಯ ದಿನ ಅವಳದೇ ಎರಡನೆಯ ಕಫ ಬಂತು. ಇಡೀ ಸ್ಲೈಡ್ ಜಾಲಾಡಿದರೂ ಒಂದು ಕಡ್ಡಿಯಿಲ್ಲ. ಸೂಜಿಕಣ್ಣಮ್ಮ ಡಾಕ್ಟರಿಗೆ ಫೋನ್ ಮಾಡಿದಳು.

"ಎಕ್ಸ್-ರೇನೂ ಸರಿಯಾಗೇ ಇದೆ. ಆದ್ರೆ ನೀವು ಒಂದು ಸಲ ನೋಡಿದೀರಲ್ಲ, ಅದು ಸುಳ್ಳಾಗುತ್ತಾ? ಇವತ್ತೇ ಆರು ತಿಂಗಳ ಮಾತ್ರೆ ಶುರು ಮಾಡ್ತೀನಿ," ಎಂದರು ಅವರು.

ಬೇರೆ ದಿನವಾಗಿದ್ದರೆ ಈ ಮಾತಿಗೆ ಆಕೆ ಉಬ್ಬಿಹೋಗುತ್ತಿದ್ದಳು. ಇಂದು ಫೋನ್ ಇಟ್ಟವಳೇ ರಿಜಿಸ್ಟರ್ ತೆಗೆದಳು. ಬಾಣಂತಿಯ ಮೊದಲ ಕಫ ಹದಿನೆಂಟನೆಯ ನಂಬರ್. ಹದಿನೇಳು ಒಬ್ಬ ಲಾರಿ ಡ್ರೈವರನದು. ಅದರಲ್ಲಿ ಕಡ್ಡಿಗಳು ಕಿಕ್ಕಿರಿದಿದ್ದವು. ಆಕೆಯ ಕಣ್ಣು ಎಣ್ಣೆಯ ಶೀಶೆಯ ಕಡೆ ಹೋಯಿತು.

ಹೊಸ ಸ್ಲೈಡ್ ತೆಗೆದಳು. ಕಫವಿಲ್ಲ, ಬಣ್ಣವಿಲ್ಲ, ಬರೀ ಗಾಜು. ಅದರ ಮೇಲೆ ಶೀಶೆಯಿಂದ ಒಂದು ತೊಟ್ಟು ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಬಹಳ ಹೊತ್ತು ಏನೂ ಕಾಣಲಿಲ್ಲ. ಕಾಣದೇ ಇರಲಪ್ಪಾ ಎಂದು ಆಕೆ ಬೇಡಿಕೊಂಡದ್ದು ಅದೇ ಮೊದಲ ಸಲ. ಆಮೇಲೆ ಒಂದು ಮೂಲೆಯಲ್ಲಿ ಕಂಡಿತು: ಕೆಂಪು ಕಡ್ಡಿ, ಅದರ ಪಕ್ಕ ಇನ್ನೊಂದು.

ಶೀಶೆಯನ್ನು ಎಸೆದು ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಕೈಗವಸು ಕಳಚಿ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಈ ಶೀಶೆ ಬಳಸಿದ ದಿನಗಳಲ್ಲಿ ಎರಡು ಮೂರೇ ಕಡ್ಡಿ ಕಂಡವರನ್ನೆಲ್ಲ ಮತ್ತೆ ಪರೀಕ್ಷೆ ಮಾಡಬೇಕೆಂದೂ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಅದೆಲ್ಲ ಮಾಡೋಣ. ಈ ಹುಡುಗಿಗೆ ಎರಡನೇ ಪರೀಕ್ಷೇಲಿ ಏನೂ ಬರಲಿಲ್ಲ ಅಂತಷ್ಟೇ ಹೇಳಿ ಕಳಿಸೋಣ. ಸುಮ್ನೆ ಯಾಕೆ ಹೆಸರು ಕೆಡಿಸ್ಕೋತೀರಾ?"

"ಅಷ್ಟು ಹೇಳಿದ್ರೆ ಅವರತ್ತೆ ಮಗು ಕೊಡ್ತಾರಾ, ಸಾರ್? ಆ ಕಡ್ಡಿ ಅವಳದಲ್ಲ ಅಂತ ನಾನೇ ಹೇಳ್ಬೇಕು."

ಹೊರಗೆ ಬೆಂಚಿನ ಒಂದು ತುದಿಯಲ್ಲಿ ಬಾಣಂತಿ ಎದೆಗೆ ಟವೆಲ್ ಒತ್ತಿಕೊಂಡು ಕೂತಿದ್ದಳು. ಇನ್ನೊಂದು ತುದಿಯಲ್ಲಿ ಅತ್ತೆ, ಅವರ ತೋಳಲ್ಲಿ ಮಗು.

"ನಿನಗೆ ಆ ರೋಗ ಇಲ್ಲ ಕಣಮ್ಮ," ಎಂದಳು ಸೂಜಿಕಣ್ಣಮ್ಮ. "ಎಣ್ಣೆ ಕಡ್ಡಿ ತಾಕಿಸಿದಾಗ ಬೇರೆಯವರ ರೋಗಾಣು ಅದಕ್ಕಂಟಿ ನಿನ್ನ ಸ್ಲೈಡಿಗೆ ಬಂತು. ತಪ್ಪು ನನ್ನದು."

ಅತ್ತೆ ಎದ್ದು ಬಂದು ಮಗುವನ್ನು ಸೊಸೆಯ ಮಡಿಲಲ್ಲಿಟ್ಟರು. ಅವಳು ಮಗುವಿನ ತಲೆಯನ್ನು ಕೆನ್ನೆಗೊತ್ತಿಕೊಂಡಳು. ಆಮೇಲೆ ತಲೆಯೆತ್ತಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸೂಜಿಕಣ್ಣಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳು.

"ಕಡ್ಡಿ ಯಾಕೆ ತಾಕಿಸಿದ್ರಿ?"

"ಎಣ್ಣೆ ಪೋಲಾಗಬಾರದು ಅಂತ."

"ನಾನು ಐದು ದಿನದಿಂದ ಹಾಲು ಹಿಂಡಿ ಬಚ್ಚಲಿಗೆ ಚೆಲ್ತಾ ಇದ್ದೆ ಅಕ್ಕಾ," ಎಂದಳು ಅವಳು.